ಬಿದ್ರಿ ಸುರಾಹಿಯಿಂದ ಮದುವೆ ಮಂಟಪದವರೆಗೆ: ಬೆಳಕನ್ನು ಎಲ್ಲಿಡಬೇಕು?

ಪ್ರಶ್ನೆ: ಬೀದರ್‌ನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಸೀಮಂತ, ಪಾಸ್‌ಪೋರ್ಟ್ ಚಿತ್ರ, ಇವೇ ಇಷ್ಟು ದಿನದ ಕೆಲಸ. ಈಗ ಕಪ್ಪು ಲೋಹದಲ್ಲಿ ಬೆಳ್ಳಿ ಕುಸುರಿ ಕೂರಿಸುವ ಬಿದ್ರಿ ಕಲಾವಿದರು ಆನ್‌ಲೈನ್‌ನಲ್ಲಿ ಮಾರುವುದಕ್ಕೆಂದು ಚಿತ್ರ ತೆಗೆದುಕೊಡಲು ಕೇಳುತ್ತಿದ್ದಾರೆ. ಎರಡು ಎಲ್‌ಇಡಿ ಪ್ಯಾನೆಲ್ ಹಚ್ಚಿ ತೆಗೆದರೆ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಒಂದು ಕಡೆ ಸುಟ್ಟ ಬಿಳಿ, ಇನ್ನೊಂದು ಕಡೆ ಮಸಿ. ಇನ್ನೂ ಹೆಚ್ಚು ವ್ಯಾಟ್‌ನ ಲೈಟ್ ಕೊಳ್ಳಬೇಕೇ? ಮುಖಚಿತ್ರ, ಮದುವೆ, ಊಟದ ಚಿತ್ರ, ಕೋಟೆ, ಗುಮ್ಮಟ ಎಂದು ಒಂದೊಂದಕ್ಕೂ ಬೇರೆ ಲೈಟ್ ಬೇಕಾಗುತ್ತದೆಯೇ? ಕೈಯಲ್ಲಿ 20,000 ರೂಪಾಯಿ ಇದೆ. ತೆಗೆದ ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಹೆಚ್ಚು ವ್ಯಾಟ್ ಬೇಡ. ನಿಮ್ಮ ಎರಡು ಪ್ಯಾನೆಲ್‌ಗಳು ಬಿದ್ರಿಗೆ ಧಾರಾಳವಾಗಿ ಸಾಕು. ಅವುಗಳನ್ನು ನೇರವಾಗಿ ವಸ್ತುವಿನತ್ತ ತಿರುಗಿಸುವುದನ್ನು ಬಿಡಬೇಕು, ಅಷ್ಟೇ.

ನೀವು ಕಳುಹಿಸಿದ ಸುರಾಹಿಯ (ಉದ್ದ ಕತ್ತಿನ ಹೂಜಿಯ) ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಹೊಟ್ಟೆಯ ಎರಡು ಬದಿಗೆ ಎರಡು ಬಿಳಿ ಚೌಕಗಳಿವೆ. ಚೌಕದೊಳಗೆ ಎಲ್‌ಇಡಿ ಮಣಿಗಳ ಸಾಲು ಕೂಡ ಎಣಿಸುವಷ್ಟು ಸ್ಪಷ್ಟವಾಗಿದೆ. ಅವೆರಡರ ನಡುವೆ ಕತ್ತಲೆ. ಕತ್ತಿನ ಹತ್ತಿರ ನಿಮ್ಮ ತಿಳಿನೀಲಿ ಅಂಗಿ. ಬೆಳ್ಳಿ ಅಲ್ಲಿ ತಪ್ಪೇನೂ ಮಾಡಿಲ್ಲ, ಎದುರಿಗಿದ್ದದ್ದನ್ನು ತೋರಿಸಿದೆ. ಲೈಟ್ ಕಂಡಲ್ಲಿ ಬಿಳಿ, ಕತ್ತಲೆ ಗೋಡೆ ಕಂಡಲ್ಲಿ ಕಪ್ಪು. ಹೊಳೆಯುವ ಲೋಹದ ಚಿತ್ರ ತೆಗೆಯುವುದೆಂದರೆ ಆ ಲೋಹದಲ್ಲಿ ಪ್ರತಿಬಿಂಬಿಸುವ ಕೋಣೆಯ ಚಿತ್ರ ತೆಗೆಯುವುದು. ಆ ಕೋಣೆಯನ್ನು ನೀವು ಕಟ್ಟಬೇಕು.

ವ್ಯಾಟ್ ಎಂಬುದು ಬೆಳಕಿನ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ. ವಸ್ತುವಿನ ಜಾಗದಲ್ಲಿ ಕುಳಿತು ನೋಡಿದರೆ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ ಎಂಬುದರ ಮೇಲೆ ನೆರಳಿನ ಅಂಚು, ಹೊಳಪಿನ ಆಕಾರ ಎಲ್ಲವೂ ನಿಂತಿವೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೂ 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಅದು ಅರ್ಧ ಡಿಗ್ರಿಯಷ್ಟೇ. ಅದಕ್ಕೇ ಬಿಸಿಲಿನ ನೆರಳು ಕತ್ತರಿಸಿದ ಹಾಗೆ ಬೀಳುತ್ತದೆ. ಮುಖದಿಂದ ಎರಡು ಅಡಿ ದೂರದಲ್ಲಿ ನಿಲ್ಲಿಸಿದ ಒಂದು ಬಿಳಿ ಛತ್ರಿ, ಬೆಳಕಿನ ಮೃದುತ್ವದ ಲೆಕ್ಕದಲ್ಲಿ, ಸೂರ್ಯನಿಗಿಂತ ಬಹಳ ದೊಡ್ಡ ದೀಪ. ಅದೇ ಛತ್ರಿಯನ್ನು ಹದಿನೈದು ಅಡಿ ಹಿಂದಕ್ಕೆ ಒಯ್ದರೆ ಮತ್ತೆ ಸಣ್ಣ ದೀಪವೇ.

ಬಿದ್ರಿಯ ಊರಿನವರಿಗೆ ಬಿದ್ರಿ ಹೇಗೆ ತಯಾರಾಗುತ್ತದೆಂದು ಹೇಳುವುದು ಅಧಿಕಪ್ರಸಂಗ. ಆದರೂ ಬೆಳಕಿನ ಲೆಕ್ಕಕ್ಕೆ ಬೇಕಾದ ಒಂದು ಸಂಗತಿ ಅದರ ತಯಾರಿಯಲ್ಲೇ ಇದೆ. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿಯ ತಂತಿ, ತಗಡು ಕೂರಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಕಪ್ಪು ಏರಿಸುತ್ತಾರಲ್ಲ, ಆ ಕಪ್ಪು ಎರಕದ ಲೋಹಕ್ಕೆ ಮಾತ್ರ ಹಿಡಿಯುತ್ತದೆ, ಬೆಳ್ಳಿಗಲ್ಲ. ಕೊನೆಗೆ ಎಣ್ಣೆ ಸವರಿ ಒರೆಸುತ್ತಾರೆ. ಅಂದರೆ ಕ್ಯಾಮೆರಾದ ಮುಂದೆ ಒಂದೇ ವಸ್ತುವಿನಲ್ಲಿ ಎರಡು ಬಗೆಯ ಮೈ ಇದೆ. ಒಂದು, ಶುದ್ಧ ಲೋಹದ ಕನ್ನಡಿ. ಇನ್ನೊಂದು, ಬೆಳಕನ್ನು ನುಂಗುವ ಕಪ್ಪು ಪದರ, ಅದರ ಮೇಲೆ ಎಣ್ಣೆಯ ತೆಳುವಾದ ಹೊದಿಕೆ. ನಿಮ್ಮ ಕಪ್ಪನ್ನು ಬೂದಿ ಮಾಡುತ್ತಿರುವುದು ಈ ಹೊದಿಕೆ. ಬೆಳ್ಳಿಯನ್ನು ಬೆಳಗಿಸಲೆಂದು ದೊಡ್ಡ ಬಿಳಿ ಬೆಳಕನ್ನು ತಂದ ಕೂಡಲೇ ಎಣ್ಣೆಯ ಪದರವೂ ಅದನ್ನೇ ಪ್ರತಿಫಲಿಸಿ ಕಪ್ಪಿನ ಮೇಲೆ ಮಂಜು ಎಳೆದುಬಿಡುತ್ತದೆ.

ಇದಕ್ಕೆ ಮದ್ದಿದೆ. ಎಣ್ಣೆ, ನೀರು, ಗಾಜು, ಪಾಲಿಶ್ ಇವುಗಳಿಂದ ಓರೆಯಾಗಿ ಬರುವ ಹೊಳಪು ಒಂದು ನಿರ್ದಿಷ್ಟ ಕೋನದಲ್ಲಿ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿದರೆ ಅದನ್ನು ಅಳಿಸಬಹುದು. ಲೋಹದಿಂದ ಬರುವ ಹೊಳಪು ಹಾಗಲ್ಲ. ಪೋಲರೈಸರ್ ಅದನ್ನು ಅಳಿಸಲಾರದು. ಬಿದ್ರಿಯ ಪಾಲಿಗೆ ಇದಕ್ಕಿಂತ ಅನುಕೂಲದ ನಿಯಮ ಇನ್ನೊಂದಿಲ್ಲ: ಫಿಲ್ಟರ್ ತಿರುಗಿಸುತ್ತಿದ್ದಂತೆ ಕಪ್ಪು ಆಳಕ್ಕಿಳಿಯುತ್ತದೆ, ಬೆಳ್ಳಿ ಇದ್ದಲ್ಲೇ ಇರುತ್ತದೆ. ಕೆಲಸ ಚೆನ್ನಾಗಿ ಆಗುವುದು ಕ್ಯಾಮೆರಾ ವಸ್ತುವಿನ ಮೇಲ್ಮೈಯಿಂದ ಸುಮಾರು 35 ಡಿಗ್ರಿ ಎತ್ತರದಲ್ಲಿದ್ದಾಗ. ನೆತ್ತಿಯಿಂದ ನೇರ ಕೆಳಗೆ ತೆಗೆದರೆ ಪೋಲರೈಸರ್ ಇದ್ದೂ ಇಲ್ಲದಂತೆ.

ತಟ್ಟೆಯಿಂದ ಶುರುಮಾಡಿ. ಮೇಜಿನ ಮೇಲೆ ತಟ್ಟೆ ಇಟ್ಟು, ಟ್ರೈಪಾಡ್ ಮೇಲಿನ ಕ್ಯಾಮೆರಾವನ್ನು ಆ 35 ಡಿಗ್ರಿಯ ಆಸುಪಾಸಿಗೆ ತನ್ನಿ. ತಟ್ಟೆಯ ಆಚೆ ಬದಿಗೆ, ಅಂದರೆ ಕ್ಯಾಮೆರಾಕ್ಕೆ ಎದುರಾಗಿ, ಒಂದು ಮರದ ಚೌಕಟ್ಟಿಗೆ ಬಟರ್ ಪೇಪರ್ ಬಿಗಿದು ತುಸು ಮುಂದಕ್ಕೆ ಬಾಗಿಸಿ ನಿಲ್ಲಿಸಿ. ಪ್ಯಾನೆಲ್ ಅದರ ಹಿಂದೆ, ಕಾಗದದಿಂದ ಎರಡಡಿಯಾದರೂ ದೂರ ಇರಲಿ. ಅಂಟಿಸಿಟ್ಟರೆ ನಡುವೆ ಬಿಳಿ ಮಚ್ಚೆ ಬೀಳುತ್ತದೆ. ಈಗ ತಟ್ಟೆಯ ಮೇಲೆ ಒಂದು ಸಣ್ಣ ಮುಖಗನ್ನಡಿ ಮಲಗಿಸಿ ಕ್ಯಾಮೆರಾದ ಪರದೆಯಲ್ಲಿ ನೋಡಿ. ಕನ್ನಡಿಯಲ್ಲಿ ಏನು ಕಾಣುತ್ತದೆಯೋ ಬೆಳ್ಳಿಯಲ್ಲೂ ಅದೇ ಕಾಣುವುದು. ಕನ್ನಡಿಯ ತುಂಬ ಬಟರ್ ಪೇಪರ್ ಬರುವವರೆಗೆ ಚೌಕಟ್ಟನ್ನು ಹಿಂದೆ ಮುಂದೆ ಸರಿಸಿ. ಕನ್ನಡಿಯನ್ನು ತಟ್ಟೆಯ ನಾಲ್ಕೂ ಮೂಲೆಗೆ ಒಯ್ದು ಪರೀಕ್ಷಿಸಿ, ಆಮೇಲೆ ತೆಗೆದಿಡಿ, ಪೋಲರೈಸರ್ ತಿರುಗಿಸಿ. ಎರಡನೆಯ ಪ್ಯಾನೆಲ್ ಅನ್ನು ಆರಿಸಿಬಿಡಿ. ಹೆಚ್ಚಿನ ತಟ್ಟೆಗಳಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಸುರಾಹಿ, ಹೂದಾನಿ, ಹುಕ್ಕಾದ ಬುಡ ಇವು ಕಠಿಣ. ದುಂಡಗಿನ ಮೈ ಕೋಣೆಯ ಬಹುಭಾಗವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ಎಡಕ್ಕೊಂದು, ಬಲಕ್ಕೊಂದು ಎತ್ತರದ ಬಟರ್ ಪೇಪರ್ ಪರದೆ ನಿಲ್ಲಿಸಿ, ಒಂದೊಂದರ ಹಿಂದೆ ಒಂದೊಂದು ಪ್ಯಾನೆಲ್ ಇಡಿ. ಮುಂದುಗಡೆ ಲೆನ್ಸಿಗಾಗಿ ಬಿಟ್ಟ ಸಂದಿನಿಂದ ಸುರಾಹಿಯ ನಡುವೆ ಒಂದು ಕಪ್ಪು ಪಟ್ಟಿ ಬೀಳುತ್ತದೆ, ಅಲ್ಲಿನ ಬೆಳ್ಳಿ ಮಂಕಾಗುತ್ತದೆ. ಅದನ್ನು ಅಳಿಸಲು ಹಲವರು ಪಡುವ ಪಾಡು ನೋಡಿದ್ದೇನೆ: ಸುತ್ತಲೂ ಬಿಳಿ ಗುಡಾರ ಕಟ್ಟಿ, ಅದರೊಳಗಿನ ತೂತಿನಿಂದ ಲೆನ್ಸ್ ತೂರಿಸಿ. ಕೊನೆಗೆ ಸಿಗುವುದು ದುಂಡುತನವೇ ಹೋದ ಚಪ್ಪಟೆ ಸುರಾಹಿ. ನನ್ನ ಅಭಿಪ್ರಾಯದಲ್ಲಿ ಆ ಪಟ್ಟಿ ಇರಲಿ. ಒಂದು ಪರದೆಯನ್ನು ಮುಂದಕ್ಕೆ ತಂದು ಪಟ್ಟಿಯನ್ನು ನಟ್ಟನಡುವಿನಿಂದ ಒಂದು ಪಕ್ಕಕ್ಕೆ ಸರಿಸಿದರೆ ವಸ್ತುವಿಗೆ ಮೈ ಬರುತ್ತದೆ. ಹಿಂದಿನ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತಿದ್ದರೆ ಪರದೆಗಳನ್ನು ಸ್ವಲ್ಪ ಹಿಂದಕ್ಕೆ ತಳ್ಳಿ; ಅಂಚಿನುದ್ದಕ್ಕೂ ಬಿಳಿ ಗೆರೆ ಮೂಡುತ್ತದೆ. ಹಿನ್ನೆಲೆಗೆ ಅಂಗಡಿಯ ಪ್ಲಾಸ್ಟಿಕ್ ಹೂ, ಕೆಂಪು ಮಖಮಲ್ ಬೇಡವೇ ಬೇಡ. ಪಾಲಿಶ್ ಮಾಡದ ಶಹಾಬಾದ್ ಕಲ್ಲಿನ ಒಂದು ತುಂಡು ಸಾಕು; ಅದರ ಮಂಕು ಬೂದಿಬಣ್ಣ ಕಪ್ಪಿಗೂ ಬೆಳ್ಳಿಗೂ ನಡುವೆ ಬರುತ್ತದೆ. ನೀವು ಮಾತ್ರ ಕಪ್ಪು ಅಂಗಿ ಹಾಕಿಕೊಂಡು ತೆಗೆಯಿರಿ.

ಎಣ್ಣೆಯ ಬಗ್ಗೆ ಕಲಾವಿದರೊಡನೆ ಮೊದಲೇ ಮಾತನಾಡಿ. ಮಾರಾಟಕ್ಕಿಡುವಾಗ ಮಿರಮಿರ ಹೊಳೆಯಲೆಂದು ಅವರು ಧಾರಾಳವಾಗಿ ಸವರಿರುತ್ತಾರೆ. ಚಿತ್ರಕ್ಕೆ ಅಷ್ಟು ಬೇಡ. ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒತ್ತಿ ಒರೆಸಿ, ಆಮೇಲೆ ಬರಿಗೈಯಿಂದ ಮುಟ್ಟದಿರಿ. ಬೆರಳಚ್ಚು ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಕಾಣುತ್ತದೆ.

ಇನ್ನು ಎಕ್ಸ್‌ಪೋಷರ್. ಕ್ಯಾಮೆರಾದ ಮೀಟರ್ ಜಗತ್ತೆಲ್ಲ ಸರಾಸರಿ ಬೂದಿಬಣ್ಣ ಎಂದು ನಂಬಿಕೊಂಡು ಕೆಲಸ ಮಾಡುತ್ತದೆ. ಅದರ ಎದುರು ಕರಿ ಸುರಾಹಿ ಇಟ್ಟರೆ ಕತ್ತಲಾಯಿತೆಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಬೆಳ್ಳಿ ಸುಟ್ಟುಹೋಗುತ್ತದೆ. ನಿಮ್ಮ ದೂರಿನ ಅರ್ಧಭಾಗ ಇದೇ. ಮೀಟರ್‌ನ ಲೆಕ್ಕವನ್ನು ತಿದ್ದುವ ಕಾಂಪೆನ್ಸೇಷನ್ ಅನ್ನು ಮೈನಸ್ 1ರಿಂದ ಶುರುಮಾಡಿ, ಹಿಸ್ಟೋಗ್ರಾಮ್‌ನಲ್ಲಿ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ತೋರಿಸುವ ಬೆಳಕಿನ ನಕ್ಷೆ) ಬೆಳ್ಳಿಯ ತುದಿ ಬಲಗೋಡೆಗೆ ಹಾಯದಂತೆ ನೋಡಿಕೊಳ್ಳಿ. ಪೋಲರೈಸರ್ ಒಂದೂವರೆ ಸ್ಟಾಪ್‌ನಷ್ಟು ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡರಷ್ಟು). ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸುವ ಬದಲು ಶಟರ್ ನಿಧಾನ ಮಾಡಿ, ಸುರಾಹಿ ಎಲ್ಲಿಗೂ ಓಡಿಹೋಗುವುದಿಲ್ಲ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಮುಚ್ಚಿ. ಎರಡು ಬಣ್ಣದ ಬೆಳಕು ಬಿದ್ದರೆ ಬೆಳ್ಳಿಯ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಅದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ತಿದ್ದುವುದು ದಂಡ.

ಈ ಪಾಠವನ್ನು ಕೋಟೆಯೊಳಗೆ ರಂಗೀನ್ ಮಹಲ್‌ನಲ್ಲಿ ಇನ್ನೊಮ್ಮೆ ಓದಬಹುದು. ಅಲ್ಲಿ ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಕಪ್ಪು ಮೈ, ಅದರಲ್ಲಿ ಹೊಳೆಯುವ ಕುಸುರಿ. ಬಿದ್ರಿಯದೇ ಸಮಸ್ಯೆ, ಗೋಡೆಯ ಗಾತ್ರದಲ್ಲಿ. ಆದರೆ ಚಿಪ್ಪಿನ ಬಣ್ಣ ಅದರ ಪದರಗಳಿಂದ ಹುಟ್ಟುವುದರಿಂದ ನೋಡುವ ಕೋನ ಬದಲಾದಂತೆ ಹಸಿರು, ಗುಲಾಬಿ ಎಂದು ತಿರುಗುತ್ತದೆ. ಫ್ಲಾಶ್ ಹೊಡೆದರೆ ಎಲ್ಲ ಬಣ್ಣ ಹೋಗಿ ಬಿಳಿ ಚುಕ್ಕೆ ಮಾತ್ರ ಉಳಿಯುತ್ತದೆ. ಬಾಗಿಲಿನಿಂದ ಬರುವ ಹರಡಿದ ಬೆಳಕನ್ನು ನಂಬಿ, ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ.

ಮುಖಚಿತ್ರಕ್ಕೆ ಬರೋಣ. ಇಲ್ಲಿಯೂ ನಿಯಮ ಅದೇ, ಮೈ ಮಾತ್ರ ಬೇರೆ. ಚರ್ಮದ ಬಣ್ಣ ಯಾವುದೇ ಇರಲಿ, ಮೇಲ್ಪದರದ ಹೊಳಪು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಬಿಳಿಯ ಮುಖದಲ್ಲಿ ಆಕಾರ ತೋರುವುದು ನೆರಳಿನಿಂದ. ಕಪ್ಪು ಮುಖದಲ್ಲಿ ಆಕಾರ ತೋರುವುದು ಹೊಳಪಿನಿಂದ. ಆದ್ದರಿಂದ ಕಪ್ಪು ಮೈಬಣ್ಣದವರಿಗೆ ಬೆಳಕು ಹೆಚ್ಚು ಬೇಕು ಎಂಬುದು ತಪ್ಪು. ದೊಡ್ಡ ಬೆಳಕು ಬೇಕು, ಪಕ್ಕದಿಂದ ಬೇಕು. ಕೆನ್ನೆಯೆಲುಬು, ಹಣೆ, ಮೂಗಿನ ಏಣಿನ ಮೇಲೆ ಅಗಲವಾದ ಮೃದು ಹೊಳಪು ಹರಿದರೆ ಮುಖ ಎದ್ದು ನಿಲ್ಲುತ್ತದೆ. ಸಣ್ಣ ಫ್ಲಾಶ್ ಎದುರಿನಿಂದ ಹೊಡೆದರೆ ಬೆವರಿನ ಚುಕ್ಕೆಗಳು ಮಾತ್ರ ಕಾಣುತ್ತವೆ. ನಮ್ಮ ಕಡೆಯ ಸ್ಟುಡಿಯೊಗಳಲ್ಲಿ ಮದುಮಗಳನ್ನು ಎರಡು ಸ್ಟಾಪ್ ಬೆಳ್ಳಗೆ ಮಾಡಿ ಆಲ್ಬಮ್ ಕೊಡುವ ಚಾಳಿ ಇನ್ನೂ ಇದೆ. ಅದು ಹುಡುಗಿಗೂ ಅವಮಾನ, ಬೆಳಕಿಗೂ ಅವಮಾನ.

ದಿಕ್ಕಿನ ವಿಷಯ. ದೀಪವನ್ನು ಮುಖದಿಂದ 45 ಡಿಗ್ರಿ ಪಕ್ಕಕ್ಕೆ, ತಲೆಗಿಂತ ಮೇಲಕ್ಕೆ ಇಟ್ಟರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಹೋಗಿ ಕೂಡಿ, ಕತ್ತಲ ಬದಿಯ ಕಣ್ಣಿನ ಕೆಳಗೆ ಬೆಳಕಿನ ತ್ರಿಕೋನ ಉಳಿಯುತ್ತದೆ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರಿನಿಂದ ಇದನ್ನು ಕರೆಯುತ್ತಾರೆ. ರುಮಾಲು ಸುತ್ತಿದ ಹಿರಿಯರಿಗೆ, ಸುಕ್ಕು ಮೂಡಿದ ಮುಖಗಳಿಗೆ ಇದು ಬಹಳ ಒಪ್ಪುತ್ತದೆ. ರುಮಾಲಿನ ಅಂಚು ಕಣ್ಣಿಗೆ ನೆರಳು ಚೆಲ್ಲುತ್ತಿದ್ದರೆ ದೀಪವನ್ನು ಗೇಣು ಕೆಳಗಿಳಿಸಿ, ಇಲ್ಲವೇ ತೊಡೆಯ ಮೇಲೆ ಥರ್ಮಾಕೋಲ್ ಹಲಗೆ ಇರಿಸಿ. ಎದುರಿನಿಂದ ಎತ್ತರದಲ್ಲಿಟ್ಟರೆ ಮೂಗಿನ ಕೆಳಗೆ ಪುಟ್ಟ ನೆರಳು ಬೀಳುತ್ತದೆ. ಮದುಮಗಳ ಅಲಂಕಾರ, ಮೂಗುತಿ, ಬಾಸಿಂಗ ಎಲ್ಲ ಸಮನಾಗಿ ಕಾಣಬೇಕಾದಾಗ ಅದು ಸರಿ. ಗೋಡೆಯನ್ನು ಕತ್ತಲಾಗಿಸಲು ಕಪ್ಪು ಬಟ್ಟೆ ಕೊಳ್ಳಬೇಕಿಲ್ಲ. ದೀಪ ಮುಖದಿಂದ ಒಂದು ಮೀಟರ್, ಗೋಡೆಯಿಂದ ಮೂರು ಮೀಟರ್ ಇದ್ದರೆ ಗೋಡೆಗೆ ಬೀಳುವುದು ಮುಖಕ್ಕೆ ಬಿದ್ದ ಬೆಳಕಿನ ಒಂಬತ್ತನೆಯ ಒಂದು ಪಾಲು. ಬಿಳಿ ಗೋಡೆಯೂ ಗಾಢ ಬೂದಿಯಾಗುತ್ತದೆ.

ಕಿಟಕಿಯ ಬೆಳಕನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಬಿಟ್ಟಿ ಸಿಗುವುದಕ್ಕೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಪುಸ್ತಕಗಳೆಲ್ಲ ಉತ್ತರದ ಕಿಟಕಿ ಶ್ರೇಷ್ಠ ಎನ್ನುತ್ತವೆ, ಏಕೆಂದರೆ ಅಲ್ಲಿ ನೇರ ಬಿಸಿಲು ಬರುವುದಿಲ್ಲ. ಆ ಪುಸ್ತಕಗಳು ಹುಟ್ಟಿದ್ದು ಯುರೋಪಿನಲ್ಲಿ. ಬೀದರ್ ಇರುವುದು ಸುಮಾರು 17.9 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೆ ನಿಂತು, ನೆಟ್ಟಗೆ ನಿಂತ ಕಂಬಕ್ಕೆ ನೆರಳಿಲ್ಲದಂತೆ ಮಾಡುತ್ತಾನೆ. ಅಲ್ಲಿಂದ ಜುಲೈ ಕೊನೆಯವರೆಗೆ ನಡುಹಗಲಿನಲ್ಲೂ ಉತ್ತರಕ್ಕೇ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೆ ಓರೆ ಬಿಸಿಲು ಹೊಡೆಯುತ್ತದೆ. ಒಂದು ತೆಳು ಬಿಳಿ ಪಂಚೆ ಕಟ್ಟಿದರೆ ಆ ಬಿಸಿಲೂ ಉಪಯೋಗಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ನಡುಹಗಲಿನ ಸೂರ್ಯ 50 ಡಿಗ್ರಿಯ ಆಸುಪಾಸಿಗಿಂತ ಮೇಲೇರುವುದಿಲ್ಲ. ಆಗ ಹೊರಗೆ ದಿನವಿಡೀ ಕೆಲಸ ಮಾಡಬಹುದು. ಮೇ ತಿಂಗಳಲ್ಲಿ ಹತ್ತರಿಂದ ನಾಲ್ಕರವರೆಗೆ ಬಯಲಿನಲ್ಲಿ ಮುಖ ತೆಗೆಯುವುದು ವ್ಯರ್ಥ: ಹುಬ್ಬಿನ ಕೆಳಗೆ ಕಣ್ಣೇ ಇರುವುದಿಲ್ಲ. ಪಡಸಾಲೆಯ ನೆರಳಿನ ಅಂಚಿಗೆ ಕೂರಿಸಿ, ಮುಖ ಹೊರಗೆ ತಿರುಗಿಸಿ.

ಹಾಗೆ ಕೂರಿಸಿದಾಗ ನೆಲವನ್ನು ನೋಡುವುದನ್ನು ಮರೆಯಬೇಡಿ. ನೆರಳಿನಲ್ಲಿ ಕುಳಿತವರ ಗದ್ದಕ್ಕೆ, ಕತ್ತಿಗೆ ಬೆಳಕು ಬರುವುದೇ ಎದುರಿನ ನೆಲದಿಂದ. ಬೀದರ್ ಕೆಂಪು ಜಂಬಿಟ್ಟಿಗೆ ನೆಲದ ಊರು. ಬಿಸಿಲು ಬಿದ್ದ ಆ ನೆಲ ಗದ್ದದ ಕೆಳಗೆ ಕಿತ್ತಳೆ ಛಾಯೆ ಹಚ್ಚುತ್ತದೆ. ಬಿಳಿ ಸೀರೆಯ ಅಂಚಿನಲ್ಲಿ ಅದು ಕೂಡಲೇ ಗೊತ್ತಾಗುತ್ತದೆ. ಕಲಬುರಗಿ, ಯಾದಗಿರಿ ಕಡೆಯ ಎರೆಮಣ್ಣು ಬೆಳಕನ್ನು ಹಿಂದಿರುಗಿಸುವುದೇ ಇಲ್ಲ. ತೊಗರಿ ಹೊಲದ ಬದುವಿನ ಮೇಲೆ ನಿಂತ ರೈತನ ಮುಖ ಕೆಳಗಿನಿಂದ ಕತ್ತಲೆ. ಶಹಾಬಾದ್ ಕಲ್ಲು ಹಾಸಿದ ಅಂಗಳ ಮೂರರಲ್ಲಿ ಉತ್ತಮ: ಬೆಳಕು ಹಿಂದಿರುಗಿಸುತ್ತದೆ, ಬಣ್ಣ ಬೆರೆಸುವುದಿಲ್ಲ. ಕೆಂಪು ನೆಲವಿದ್ದರೆ ಒಂದು ಬಿಳಿ ಹಾಸಿಗೆಹೊದಿಕೆ ಹಾಸಿ. ಎರೆನೆಲಕ್ಕೂ ಅದೇ ಹೊದಿಕೆ ಸಾಕು.

ಮದುವೆಯಲ್ಲಿ ನೀವು ಬೆಳಕನ್ನು ಕಟ್ಟುವುದಕ್ಕಾಗುವುದಿಲ್ಲ, ಇದ್ದದ್ದರೊಡನೆ ಜಗಳವಾಡಬೇಕು. ಶಾಮಿಯಾನದ ಬಟ್ಟೆ ಕೆಂಪು, ಹಳದಿ ಇದ್ದರೆ ಹಗಲಿನಲ್ಲಿ ಆ ಬಟ್ಟೆಯೇ ಬಣ್ಣದ ಫಿಲ್ಟರ್ ಆಗಿ ಎಲ್ಲರಿಗೂ ಅರಿಶಿನ ಹಚ್ಚಿಬಿಡುತ್ತದೆ. ಮುಖ್ಯ ಚಿತ್ರಗಳಿಗೆ ಜೋಡಿಯನ್ನು ಶಾಮಿಯಾನದ ಅಂಚಿಗೆ ಕರೆತನ್ನಿ. ಅದಾಗದಿದ್ದರೆ ನಿಮ್ಮ ಫ್ಲಾಶ್ ಹತ್ತಿರ ಬಂದು ಬಟ್ಟೆಯ ಬೆಳಕನ್ನು ಮೀರಿಸಬೇಕು. ಫ್ಲಾಶ್ ಅನ್ನು ಮೇಲಕ್ಕೆ ತಿರುಗಿಸಿ ಚಾವಣಿಯಿಂದ ಪುಟಿಸುವ ಉಪಾಯ ಬಿಳಿ ಚಾವಣಿಯ ಕಲ್ಯಾಣ ಮಂಟಪದಲ್ಲಿ ಮಾತ್ರ. ಬಣ್ಣದ ಬಟ್ಟೆಗೆ ಹೊಡೆದರೆ ಬಣ್ಣವೇ ಮರಳಿ ಬರುತ್ತದೆ.

ಒಂದು ಸೂತ್ರ ಕೈವಶವಾದರೆ ಮದುವೆಯ ಅರ್ಧ ತಲೆನೋವು ಹೋಗುತ್ತದೆ. ಫ್ಲಾಶ್‌ನ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಮುಗಿದುಹೋಗಬಹುದು. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ಒಂದೇ. ಹಾಗಾಗಿ ಫ್ಲಾಶ್‌ನ ಪಾಲನ್ನು ಲೆನ್ಸಿನ ಕಿಂಡಿಯಾದ ಅಪರ್ಚರ್‌ನಿಂದ, ಮಂಟಪದ ದೀಪಗಳ ಪಾಲನ್ನು ಶಟರ್‌ನಿಂದ ಹಿಡಿಯಬೇಕು. ಎಲ್ಲರೂ 1/200ರಲ್ಲಿ ತೆಗೆದು, ಜೋಡಿ ಬೆಳ್ಳಗೆ, ಹಿಂದೆ ಲಕ್ಷ ರೂಪಾಯಿಯ ಅಲಂಕಾರ ಕಡುಗತ್ತಲೆ ಎಂಬ ಚಿತ್ರ ಕೊಡುತ್ತಾರೆ. 1/50ಕ್ಕೆ ಇಳಿಸಿ, ಐಎಸ್‌ಒ 1600ಕ್ಕೆ ಏರಿಸಿ, ಫ್ಲಾಶ್ ಶಕ್ತಿ ತಗ್ಗಿಸಿ, ಮಂಟಪವೂ ಉಸಿರಾಡುತ್ತದೆ. 1/50 ಎಂದೇ ಹೇಳುವುದಕ್ಕೆ ಕಾರಣವಿದೆ. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50 ಅಥವಾ 1/100 ಇಟ್ಟರೆ ಆ ಮಿನುಗಿನ ಪೂರ್ಣ ಸುತ್ತುಗಳು ಸಿಕ್ಕಿ ಚಿತ್ರದಲ್ಲಿ ಅಡ್ಡಪಟ್ಟಿ ಬೀಳುವುದಿಲ್ಲ. ವೇದಿಕೆಯ ಬಣ್ಣದ ಎಲ್‌ಇಡಿಗಳ ಮಿನುಗು ಬೇರೆಯ ಲೆಕ್ಕದ್ದು. ಅಲ್ಲಿ ಒಂದು ಪರೀಕ್ಷಾ ಚಿತ್ರ ತೆಗೆದೇ ತೀರ್ಮಾನಿಸಬೇಕು. ಮಂಟಪದ ಬಲ್ಬುಗಳು ಹಳದಿಯಾಗಿದ್ದರೆ ಫ್ಲಾಶ್ ಮುಖಕ್ಕೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಅಂಟಿಸಿ, ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್ ಸುತ್ತ ಇಡಿ.

ಬೀಗರೆಲ್ಲ ಸಾಲಾಗಿ ನಿಂತ ಗುಂಪುಚಿತ್ರದಲ್ಲಿ ಒಂದು ತುದಿಯವರು ಬೆಳ್ಳಗೆ, ಇನ್ನೊಂದು ತುದಿಯವರು ಕತ್ತಲಲ್ಲಿ ಎಂಬ ದೂರು ಸಾಮಾನ್ಯ. ದೀಪ ಹತ್ತಿರದವರಿಗೆ 2 ಮೀಟರ್, ದೂರದವರಿಗೆ 4 ಮೀಟರ್ ಇದ್ದರೆ ದೂರದವರಿಗೆ ಸಿಗುವುದು ಕಾಲುಭಾಗ. ದೀಪವನ್ನು ಹಿಂದಕ್ಕೆ ಒಯ್ದು 5 ಮತ್ತು 7 ಮೀಟರ್ ಮಾಡಿದರೆ ದೂರದವರಿಗೆ ಅರ್ಧದಷ್ಟು ಸಿಗುತ್ತದೆ. ಗುಂಪಿಗೆ ಮೃದುತ್ವಕ್ಕಿಂತ ಸಮತೆ ಮುಖ್ಯ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟಿ; ಮದುವೆ ಮನೆಯ ಮಕ್ಕಳಿಗೆ ಅದಕ್ಕಿಂತ ಪ್ರಿಯವಾದ ಆಟಿಕೆ ಇಲ್ಲ.

ಊಟದ ಚಿತ್ರಕ್ಕೆ ಹೆಚ್ಚು ಹೇಳುವುದಿಲ್ಲ. ಬೆಳಕು ತಟ್ಟೆಯ ಹಿಂದಿನಿಂದ ಅಥವಾ ಹಿಂದಿನ ಮೂಲೆಯಿಂದ ಬರಲಿ, ಮುಂದೆ ಥರ್ಮಾಕೋಲ್ ಇಡಿ. ಜೋಳದ ರೊಟ್ಟಿಯ ಸುಟ್ಟ ಬೊಬ್ಬೆಗಳು, ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆ ಎಲ್ಲವೂ ಆ ಓರೆ ಬೆಳಕಿನಲ್ಲೇ ಬಾಯಿ ನೀರೂರಿಸುವುದು. ಆವಿ ಕಾಣಬೇಕಾದರೆ ಹಿಂದಿನ ಬೆಳಕೂ ಬೇಕು, ಕಪ್ಪು ಹಿನ್ನೆಲೆಯೂ ಬೇಕು. ಇಲ್ಲಿ ಪೋಲರೈಸರ್ ಕಳಚಿಡಿ. ಎಣ್ಣೆಯ ಹೊಳಪನ್ನು ಅಳಿಸಿದರೆ ಪಲ್ಯ ತಂಗಳಾಗಿ ಕಾಣುತ್ತದೆ.

ಸ್ಮಾರಕಗಳಲ್ಲಿ ದೀಪ ನಿಮ್ಮದಲ್ಲ, ಗಡಿಯಾರ ನಿಮ್ಮದು. 1472ರ ಮಹಮೂದ್ ಗವಾನ್ ಮದರಸಾದ ಮುಂಭಾಗ ಪೂರ್ವಕ್ಕಿದೆ. ಅಳಿದುಳಿದ ನೀಲಿ, ಹಸಿರು, ಬಿಳಿ ಹೆಂಚುಗಳಿಗೆ ಬೆಳಗಿನ ಬಿಸಿಲೇ ಬೇಕು, ಮಧ್ಯಾಹ್ನ ಹೋದವರಿಗೆ ನೆರಳಿನ ಗೋಡೆ ಸಿಗುತ್ತದೆ. ಹೆಂಚಿನ ಮೆರುಗು ಕಣ್ಣಿಗೆ ಹೊಡೆದರೆ ಪೋಲರೈಸರ್ ಇದ್ದೇ ಇದೆ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟದೊಳಗಿನ ವರ್ಣಚಿತ್ರಗಳ ಮೇಲೆ ಫ್ಲಾಶ್ ಬೇಡ. ಬಣ್ಣದ ಆಯುಷ್ಯಕ್ಕೂ ಒಳ್ಳೆಯದಲ್ಲ, ಚಿನ್ನದ ರೇಖೆಗಳಿಗೂ ಒಳ್ಳೆಯದಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದು, ಗೋಡೆಗೆ ಮೈಯಾನಿಸಿ, ಒಂದರ ಹಿಂದೊಂದು ಐದಾರು ಚಿತ್ರ ತೆಗೆದು ನಡುಗದ ಒಂದನ್ನು ಆರಿಸಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ದೀಪ ಬಳಸುವುದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು.

ಕಲಬುರಗಿ ಕೋಟೆಯ ಜಾಮಿ ಮಸೀದಿ ಮಾತ್ರ ನಡುಹಗಲಿನ ಜಾಗ. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ. ಬಿಸಿಲು ಹೊರಗಿನ ನೆಲಕ್ಕೆ ಬಿದ್ದು, ಪಕ್ಕದ ಅಗಲವಾದ ಕಮಾನುಗಳಿಂದ ಒಳಗೆ ಚಿಮ್ಮಿ, ಸಾಲಿನಿಂದ ಸಾಲಿಗೆ ಮಂದವಾಗುತ್ತ ಹೋಗುತ್ತದೆ. ಊರೆಲ್ಲ ಬಿಸಿಲಿಗೆ ಬಾಗಿಲು ಹಾಕಿಕೊಂಡ ಹೊತ್ತಿನಲ್ಲೇ ಅಲ್ಲಿಗೆ ಹೋಗಿ. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರದ ಬೌದ್ಧ ನೆಲೆ ಕನಗನಹಳ್ಳಿಯ ಉಬ್ಬುಶಿಲ್ಪಗಳ ಬಗೆ ಬೇರೆ. ಅಶೋಕನ ಹೆಸರು ಬ್ರಾಹ್ಮಿಯಲ್ಲಿ ಕೊರೆದ ಫಲಕ ಸಿಕ್ಕಿದ್ದು ಅಲ್ಲಿಯೇ. ತೆಳುವಾಗಿ ಕೊರೆದ ಸುಣ್ಣಕಲ್ಲಿಗೆ ಎದುರು ಬೆಳಕು ಬಿದ್ದರೆ ಅಕ್ಷರಗಳು ಅಳಿಸಿಹೋದಂತೆ ಕಾಣುತ್ತವೆ; ಮೇಲ್ಮೈಯನ್ನು ಸವರಿಕೊಂಡು ಹೋಗುವ ಬೆಳಕಿನಲ್ಲಿ ಮಾತ್ರ ಪ್ರತಿ ಗೆರೆಗೂ ನೆರಳು ಹುಟ್ಟುತ್ತದೆ. ವೀರಗಲ್ಲು, ಶಾಸನ ಯಾವುದಕ್ಕೂ ಇದೇ.

ನಿಮ್ಮ 20,000ದ ಲೆಕ್ಕ ಹೀಗಿರಲಿ. ಮೊದಲು ನಿಮ್ಮ ಲೆನ್ಸಿನ ಅಳತೆಯ ಒಳ್ಳೆಯ ಸರ್ಕ್ಯುಲರ್ ಪೋಲರೈಸರ್. ಬಿದ್ರಿ ಕೆಲಸ ಅದರಿಂದಲೇ ಸುಧಾರಿಸುತ್ತದೆ. ಆಮೇಲೆ ಶಕ್ತಿಯನ್ನು ಕೈಯಿಂದ ಹೊಂದಿಸಬಹುದಾದ ಒಂದು ಫ್ಲಾಶ್, ಅದಕ್ಕೆ ರೇಡಿಯೊ ಟ್ರಿಗರ್, ಗಟ್ಟಿ ಸ್ಟ್ಯಾಂಡ್, ಬೆಳಕು ತೂರಿ ಬರುವ ದೊಡ್ಡ ಬಿಳಿ ಛತ್ರಿ. ಛತ್ರಿ ಹೊರಗಿನ ಗಾಳಿಗೆ ಹಾರುತ್ತದೆಂದು ಸಾಫ್ಟ್‌ಬಾಕ್ಸ್ ಕೊಳ್ಳಲು ಅಂಗಡಿಯವರು ಹೇಳಬಹುದು. ಅದೂ ಹಾರುತ್ತದೆ, ಬಿದ್ದಾಗ ಹೆಚ್ಚು ಖರ್ಚು ತರುತ್ತದೆ. ಗ್ರೇ ಕಾರ್ಡ್, ಬಟರ್ ಪೇಪರ್, ಥರ್ಮಾಕೋಲ್, ಕಪ್ಪು ಚಾರ್ಟ್, ಕ್ಲಿಪ್ಪುಗಳು ಚಿಲ್ಲರೆ ಬಾಬತ್ತು. ಲೆನ್ಸಿನ ಸುತ್ತ ಬೆಳಗುವ ಬಳೆಯಾಕಾರದ ರಿಂಗ್ ಲೈಟ್ ಕೊಳ್ಳಬೇಡಿ. ಹಲ್ಲಿನ ವೈದ್ಯರಿಗೆ ಬಾಯೊಳಗೆ ನೆರಳಿಲ್ಲದ ಬೆಳಕು ಬೇಕು, ಅವರಿಗದು ಸರಿ. ಮುಖಕ್ಕೆ ನೆರಳು ಬೇಕು. ಹೊಸ ಎಲ್‌ಇಡಿಯ ಆಸೆ ಮುಂದೆ ಹುಟ್ಟಿದರೆ ವ್ಯಾಟ್ ನೋಡುವ ಮೊದಲು ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಂಕ) 95ರ ಮೇಲಿದೆಯೇ ನೋಡಿ. ಕಡಿಮೆ ಇದ್ದರೆ ಅರಿಶಿನ, ಕುಂಕುಮ, ರೇಷ್ಮೆ ಯಾವುದೂ ತನ್ನ ಬಣ್ಣದಲ್ಲಿ ಬರುವುದಿಲ್ಲ. ಉಳಿದ ಹಣದಲ್ಲಿ ಫ್ಲಾಶ್‌ಗೆ ಎರಡು ಜೊತೆ ರೀಚಾರ್ಜ್ ಬ್ಯಾಟರಿ ಮತ್ತು ಒಂದು ಚಾರ್ಜರ್ ಕೊಳ್ಳಿ. ಮುಹೂರ್ತದ ಹೊತ್ತಿಗೆ ಫ್ಲಾಶ್ ಕೈಕೊಡುವುದು ಹೆಚ್ಚಾಗಿ ಬ್ಯಾಟರಿಯಿಂದಲೇ.